ಶಸ್ತ್ರ ಹಿಡಿದ ಕೈಗೂ ದಾಖಲೆಯಲ್ಲೊಂದು ಕಾಲಂ ಇರಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆಯ ಜನರ ಆಡುಮಾತಿನಲ್ಲಿ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ 'ದೊಡ್ಡಾಸ್ಪತ್ರೆ' ಎಂದೇ ಹೆಸರು. ತಾಲ್ಲೂಕು ಆಸ್ಪತ್ರೆಯಲ್ಲಿ ಕೈಲಾಗದ್ದು ದೊಡ್ಡಾಸ್ಪತ್ರೆಯಲ್ಲಿ ಆಗುತ್ತದೆ ಎಂಬ ಭರವಸೆ ಈ ಹೆಸರಿನಲ್ಲಿದೆ. ಆದರೆ ಬೋಧನಾ ಆಸ್ಪತ್ರೆ ಯಾವುದೇ ಇರಲಿ, ಸರ್ಕಾರದ್ದಿರಲಿ ಖಾಸಗಿಯದ್ದಿರಲಿ, ಈ ಭರವಸೆಯ ಬೆನ್ನಿಗೇ ಒಂದು ಅಳುಕೂ ಇರುತ್ತದೆ: 'ಅಲ್ಲಿ ಕುಯ್ಯೋರು ದೊಡ್ಡ ಡಾಕ್ಟ್ರೋ, ಕಲಿಯೋ ಹುಡುಗ್ರೋ?' ಹಳ್ಳಿಯ ಜಗಲಿಯ ಮೇಲೆ ಕೇಳಿಬರುವ ಈ ಪ್ರಶ್ನೆ ಅಜ್ಞಾನದಿಂದ ಹುಟ್ಟಿದ್ದಲ್ಲ. ಅದಕ್ಕೆ ನೇರವಾದ, ಲಿಖಿತವಾದ ಉತ್ತರವನ್ನು ಕೊಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲದಿರುವುದೇ ಅದು ಇಂದಿಗೂ ಜೀವಂತವಾಗಿರಲು ಕಾರಣ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಶಸ್ತ್ರಚಿಕಿತ್ಸಾ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಯು ಸಾಮಾನ್ಯ ಅರ್ಥದ 'ವಿದ್ಯಾರ್ಥಿ'ಯಲ್ಲ. ಆತ ಅಥವಾ ಆಕೆ ಎಂ.ಬಿ.ಬಿ.ಎಸ್. ಮುಗಿಸಿ, ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿದು, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಪಡೆದ ವೈದ್ಯ. ಮುಂದಿನ ಮೂರು ವರ್ಷ ಹಿರಿಯರ ಕೈಕೆಳಗೆ ಕೆಲಸ ಮಾಡಿ ಎಂ.ಎಸ್. ಪದವಿ ಪಡೆಯಬೇಕು. ಮೈಸೂರು ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದಿತು. ಅಂದಿನಿಂದ ಇಂದಿನವರೆಗೆ ಅಲ್ಲಿಂದ ಹೊರಬಂದ ಶಸ್ತ್ರವೈದ್ಯರೆಲ್ಲರೂ ಒಂದಲ್ಲ ಒಂದು ದಿನ ಯಾರದೋ ಹೊಟ್ಟೆಯ ಮೇಲೆ ಮೊದಲ ಗೆರೆ ಎಳೆದವರೇ. ಸುಶ್ರುತನ ಕಾಲದಲ್ಲಿ ಶಿಷ್ಯರು ಸೋರೆಕಾಯಿ, ಸೌತೆಕಾಯಿ, ಕುಂಬಳಕಾಯಿಗಳ ಮೇಲೆ ಛೇದನವನ್ನು ಅಭ್ಯಾಸ ಮಾಡುತ್ತಿದ್ದರು. ಇಂದು ಕೃತಕ ಮಾದರಿಗಳೂ ಕಂಪ್ಯೂಟರ್ ಯಂತ್ರಗಳೂ ಬಂದಿವೆ. ಆದರೂ ಕಾಯಿಯಿಂದ ದೇಹಕ್ಕೆ ದಾಟುವ ದಿನವೊಂದು ಬರಲೇಬೇಕು. ಆ ದಿನ ಮೇಜಿನ ಮೇಲೆ ಮಲಗಿರುವವರು ಯಾರು, ಅವರಿಗೆ ಏನನ್ನು ತಿಳಿಸಲಾಗಿದೆ, ಕಾಗದದಲ್ಲಿ ಏನು ಬರೆಯಲಾಗಿದೆ ಎಂಬುದಷ್ಟೇ ಇಲ್ಲಿನ ಚರ್ಚೆ.

ಬೋಧನಾ ಆಸ್ಪತ್ರೆಗಳ ಕೆಲಸ ನಡೆಯುವುದು 'ಯೂನಿಟ್' ಪದ್ಧತಿಯಲ್ಲಿ. ಒಬ್ಬ ಪ್ರಾಧ್ಯಾಪಕರು ಅದರ ಮುಖ್ಯಸ್ಥರು. ಅವರ ಕೆಳಗೆ ಸಹ ಪ್ರಾಧ್ಯಾಪಕರು, ಸಹಾಯಕ ಪ್ರಾಧ್ಯಾಪಕರು, ಆಮೇಲೆ ಮೂರೂ ವರ್ಷಗಳ ಪಿ.ಜಿ.ಗಳು. ಒಂದು ಹರ್ನಿಯಾ ಆಪರೇಷನ್ ಎಂದರೂ ಅದು ಒಬ್ಬರ ಕೈಯ ಕೆಲಸವಲ್ಲ. ಚರ್ಮ ಸೀಳುವುದು, ಪದರಗಳನ್ನು ಬಿಡಿಸುವುದು, ರಕ್ತ ನಿಲ್ಲಿಸುವುದು, ಜಾಲರಿ ಕೂಡಿಸುವುದು, ಹೊಲಿಗೆ ಹಾಕುವುದು, ಹೀಗೆ ಹಲವು ಹಂತಗಳಿವೆ. ಮೊದಲ ವರ್ಷದವರು ಗಾಯದ ಅಂಚನ್ನು ಎಳೆದು ಹಿಡಿದು ನಿಲ್ಲಬಹುದು. ಎರಡನೆಯ ವರ್ಷದವರು ಹೊಲಿಗೆ ಹಾಕಬಹುದು. ಮೂರನೆಯ ವರ್ಷದವರು, ಮೇಜಿನ ಎದುರು ಬದಿಯಲ್ಲಿ ಹಿರಿಯರು ನಿಂತಿರುವಾಗ, ಇಡೀ ಆಪರೇಷನ್ ಮಾಡಿ ಮುಗಿಸಬಹುದು. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಹೀಗಲ್ಲದೆ ಶಸ್ತ್ರವೈದ್ಯನೊಬ್ಬ ತಯಾರಾಗುವ ಬೇರೆ ದಾರಿ ಲೋಕದಲ್ಲಿ ಎಲ್ಲಿಯೂ ಇಲ್ಲ.

ತೊಡಕು ಇರುವುದು ದಾಖಲೆಯಲ್ಲಿ. ಒಂದೇ ಆಪರೇಷನ್ನಿನ ಬಗ್ಗೆ ಕನಿಷ್ಠ ಮೂರು ಕಡೆ ಬರಹವಿರುತ್ತದೆ. ಒಂದು, ಕೇಸ್ ಶೀಟಿನಲ್ಲಿರುವ ಆಪರೇಷನ್ ಟಿಪ್ಪಣಿ ಮತ್ತು ಓ.ಟಿ. ರಿಜಿಸ್ಟರು. ಎರಡು, ರೋಗಿಯ ಕೈಗೆ ಕೊಡುವ ಡಿಸ್ಚಾರ್ಜ್ ಪತ್ರ. ಮೂರು, ಪಿ.ಜಿ. ವಿದ್ಯಾರ್ಥಿಯ ಲಾಗ್ ಪುಸ್ತಕ. ಭಾರತೀಯ ವೈದ್ಯಕೀಯ ಪರಿಷತ್ತಿನ 2000ದ ಸ್ನಾತಕೋತ್ತರ ಶಿಕ್ಷಣ ನಿಯಮಾವಳಿಯೇ ಎಂ.ಎಸ್. ವಿದ್ಯಾರ್ಥಿಯು ತಾನು ನೆರವಾದ ಹಾಗೂ ಸ್ವತಂತ್ರವಾಗಿ ಮಾಡಿದ ಶಸ್ತ್ರಚಿಕಿತ್ಸೆಗಳ ವಿವರವನ್ನು ಲಾಗ್ ಪುಸ್ತಕದಲ್ಲಿ ಬರೆದಿಡಬೇಕು, ಬೋಧಕರು ಅದನ್ನು ಪರಿಶೀಲಿಸಬೇಕು ಎಂದು ಹೇಳಿತ್ತು. ಪರಿಷತ್ತಿನ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದ ಮೇಲೆಯೂ ಲಾಗ್ ಪುಸ್ತಕ ಉಳಿದುಕೊಂಡಿದೆ. ಆದರೆ ಈ ಮೂರು ಕಾಗದಗಳ ಓದುಗರು ಮೂವರು ಬೇರೆ ಬೇರೆ. ಮೊದಲನೆಯದು ಆಸ್ಪತ್ರೆಯ ದಾಖಲಾತಿ ಕೊಠಡಿಗೆ, ಎರಡನೆಯದು ರೋಗಿಗೆ, ಮೂರನೆಯದು ಪರೀಕ್ಷಕರಿಗೆ. ಮೂರನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡುವವರು ಯಾರೂ ಇಲ್ಲ. ಡಿಸ್ಚಾರ್ಜ್ ಪತ್ರದಲ್ಲಿ ಯೂನಿಟ್ ಮುಖ್ಯಸ್ಥರ ಹೆಸರು ಎದ್ದು ಕಾಣುವ ಅದೇ ಆಪರೇಷನ್, ಲಾಗ್ ಪುಸ್ತಕದಲ್ಲಿ ವಿದ್ಯಾರ್ಥಿಯೇ ಮಾಡಿದ್ದೆಂದು ದಾಖಲಾಗಿರಬಹುದು. ಕಾನೂನಿನ ಕಣ್ಣಿಗೆ ಒಬ್ಬರು, ಪರೀಕ್ಷೆಯ ಕಣ್ಣಿಗೆ ಇನ್ನೊಬ್ಬರು.

ಕಂದಾಯ ಇಲಾಖೆಯಲ್ಲಿ ದುಡಿದವನಿಗೆ ಈ ಚಿತ್ರ ಅಪರಿಚಿತವಲ್ಲ. ಮೇಲೆ ಹೇಳಿದ ನಾಲ್ಕೂ ತಾಲ್ಲೂಕುಗಳು ಹುಣಸೂರು ಉಪವಿಭಾಗಕ್ಕೆ ಸೇರಿದವು. ಉಪವಿಭಾಗಾಧಿಕಾರಿಯಾದವನು ಭೂ ನ್ಯಾಯಮಂಡಳಿಯ ಅಧ್ಯಕ್ಷನೂ ಹೌದು. ಹುಣಸೂರಿನವರೇ ಆದ ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿಯ ಕೆಲವು ಪ್ರಕರಣಗಳು ಉಚ್ಚ ನ್ಯಾಯಾಲಯದಿಂದ ಮರುವಿಚಾರಣೆಗೆ ಹಿಂತಿರುಗಿ, ದಶಕಗಳ ನಂತರವೂ ನಮ್ಮ ಮೇಜಿನ ಮೇಲಿದ್ದವು. ಅಲ್ಲೆಲ್ಲ ಪ್ರಶ್ನೆ ಒಂದೇ: ಉತ್ತವನು ಯಾರು? ಪಹಣಿಯ 9ನೆಯ ಕಾಲಂ ಒಡೆಯನ ಹೆಸರನ್ನು ಹೇಳುತ್ತದೆ. 12ನೆಯ ಕಾಲಂ ಸಾಗುವಳಿ ಮಾಡಿದವನ ಹೆಸರನ್ನು ಹೇಳುತ್ತದೆ. 12ನೆಯ ಕಾಲಮ್ಮಿನಲ್ಲಿ ಹೆಸರು ಬಿದ್ದ ಗೇಣಿದಾರನಿಗೆ ಭೂಮಿ ದಕ್ಕುವ ದಾರಿ ಸಲೀಸಾಯಿತು. ತಲೆಮಾರಿನಿಂದ ಉತ್ತಿದ್ದರೂ ಅಲ್ಲಿ ಹೆಸರಿಲ್ಲದವನು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಒಡೆತನವೂ ದುಡಿಮೆಯೂ ಬೇರೆ ಬೇರೆ ಸಂಗತಿಗಳು, ಎರಡಕ್ಕೂ ಪ್ರತ್ಯೇಕ ಕಾಲಂ ಬೇಕು ಎಂಬ ವಿವೇಕ ನಮ್ಮ ಭೂದಾಖಲೆಗಿದೆ. ಆಸ್ಪತ್ರೆಯ ದಾಖಲೆಗೆ ಮಾತ್ರ ಆ ವಿವೇಕ ಬರಬೇಕಾಗಿದೆ. ಅಲ್ಲಿ ಹೊಣೆಗಾರ ವೈದ್ಯರ ಕಾಲಂ ಇದೆ. ಶಸ್ತ್ರ ಹಿಡಿದವರ ಕಾಲಂ ಒಂದೋ ಇಲ್ಲ, ಇದ್ದರೆ 'ಸಹಾಯಕರು' ಎಂಬ ಒಂದೇ ಪದದೊಳಗೆ ಎಲ್ಲವೂ ಅಡಗಿಹೋಗುತ್ತದೆ.

ನಿವೃತ್ತಿಯ ನಂತರ ಪರಿಚಯದ ಹಳ್ಳಿಗರು ಆಸ್ಪತ್ರೆಯ ಕಾಗದಗಳನ್ನು ಹಿಡಿದು ನನ್ನ ಬಳಿ ಬರುವುದುಂಟು. ಪಿರಿಯಾಪಟ್ಟಣದ ಕಡೆಯ ತಂಬಾಕು ಬೆಳೆಗಾರರೊಬ್ಬರು ಒಂದು ಬೋಧನಾ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಮಾಡಿಸಿಕೊಂಡಿದ್ದರು. ಗುಣವಾಗಿತ್ತು, ದೂರೇನೂ ಇರಲಿಲ್ಲ. ಅವರ ಮಗನಿಗೆ ಇದ್ದದ್ದು ಒಂದೇ ಗೊಂದಲ: 'ಸಾರ್, ಒಳಗೆ ಕರಕೊಂಡು ಹೋದೋರು, ಹೊರಗೆ ಬಂದು ಆಪರೇಷನ್ ಚೆನ್ನಾಗಾಯ್ತು ಅಂದೋರು, ದಿನಾ ಬಂದು ಗಾಯ ನೋಡಿದೋರು ಎಲ್ಲಾ ಆ ಹುಡುಗಿ ಡಾಕ್ಟರೇ. ಇಲ್ಲಿ ಬರೆದಿರೋ ಹೆಸರಿನೋರನ್ನ ನಾವು ಒಂದು ಸಲಾನೂ ನೋಡಲಿಲ್ಲ. ಯಾರಿಗೆ ಕೈ ಮುಗೀಬೇಕು?' ಆ ಯುವ ವೈದ್ಯೆಯೇ ಆಪರೇಷನ್ ಮಾಡಿದರೋ, ಯೂನಿಟ್ ಮುಖ್ಯಸ್ಥರು ಅರಿವಳಿಕೆಯ ನಂತರ ಬಂದು ಮಾಡಿ ಹೋದರೋ ಎಂದು ಆ ಕಾಗದದಿಂದ ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. ದಾಖಲೆಯ ಕೊರತೆಯು ಕೆಟ್ಟದ್ದು ಆದಾಗ ಮಾತ್ರ ಕಾಡುವುದಿಲ್ಲ. ಒಳ್ಳೆಯದು ಆದಾಗ ಅದರ ಶ್ರೇಯಸ್ಸನ್ನೂ ದಾರಿ ತಪ್ಪಿಸುತ್ತದೆ.

ಹೊರದೇಶಗಳು ಈ ಗೊಂದಲವನ್ನು ಹೇಗೆ ನಿಭಾಯಿಸಿವೆ? ಬ್ರಿಟನ್ನಿನಲ್ಲಿ ತರಬೇತಿ ಶಸ್ತ್ರವೈದ್ಯರ ವಿದ್ಯುನ್ಮಾನ ಲಾಗ್ ಪುಸ್ತಕವು 'ಮಾಡಿದೆ', 'ನೆರವಾದೆ' ಎಂಬ ಎರಡೇ ಮಾತುಗಳಿಗೆ ತೃಪ್ತವಾಗುವುದಿಲ್ಲ. ನೆರವು ಮಾತ್ರ ನೀಡಿದ್ದು ಒಂದು ಬಗೆ. ಹಿರಿಯರು ಕೈಗವಸು ಧರಿಸಿ ಮೇಜಿನ ಬಳಿ ನಿಂತಿರುವಾಗ ಮಾಡಿದ್ದು ಇನ್ನೊಂದು. ಹಿರಿಯರು ಮೇಲ್ವಿಚಾರಣೆಗೆ ಇದ್ದರೂ ಕೈಗವಸು ಧರಿಸದಿದ್ದಾಗ ಮಾಡಿದ್ದು ಮತ್ತೊಂದು. ತಾನೇ ಸ್ವತಂತ್ರವಾಗಿ ಮಾಡಿದ್ದು ನಾಲ್ಕನೆಯದು. ತನಗಿಂತ ಕಿರಿಯರಿಗೆ ಕಲಿಸುತ್ತ ಮಾಡಿಸಿದ್ದು ಐದನೆಯದು. ಅಮೆರಿಕದಲ್ಲಿ ಸಾಮಾನ್ಯ ಶಸ್ತ್ರಚಿಕಿತ್ಸೆಯ ತರಬೇತಿ ಮುಗಿಸಲು ಕನಿಷ್ಠ 850 ಪ್ರಮುಖ ಆಪರೇಷನ್‌ಗಳ ದಾಖಲೆ ಬೇಕು. ಪ್ರತಿಯೊಂದರಲ್ಲಿಯೂ ತನ್ನ ಪಾತ್ರವೇನೆಂದು ನಮೂದಿಸಬೇಕು. ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್‌ನಿಂದ ಹಣ ಪಡೆಯಬೇಕಾದರೆ ಆಪರೇಷನ್ನಿನ ನಿರ್ಣಾಯಕ ಘಟ್ಟದಲ್ಲಿ ಬೋಧಕ ವೈದ್ಯರು ಹಾಜರಿದ್ದುದು ದಾಖಲಾಗಿರಬೇಕು. ಆದರೂ ಅಲ್ಲಿಯೂ ಎಲ್ಲವೂ ಸರಿಯಿದೆ ಎನ್ನಲಾಗದು. ಹಿರಿಯ ಶಸ್ತ್ರವೈದ್ಯರು ಒಂದೇ ವೇಳೆಯಲ್ಲಿ ಎರಡು ಕೊಠಡಿಗಳಲ್ಲಿ ಆಪರೇಷನ್ ಇಟ್ಟುಕೊಳ್ಳುವ ಪದ್ಧತಿಯನ್ನು ಬಾಸ್ಟನ್ ಗ್ಲೋಬ್ ಪತ್ರಿಕೆ 2015ರಲ್ಲಿ ಬಯಲಿಗೆಳೆದಾಗ ದೊಡ್ಡ ವಿವಾದವಾಯಿತು. ಮರುವರ್ಷವೇ ಅಮೆರಿಕದ ಶಸ್ತ್ರವೈದ್ಯರ ಕಾಲೇಜು ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಬೇಕಾಯಿತು.

ಹೀಗೆ ದಾಖಲಿಸಿದ್ದರಿಂದ ಒಂದು ದೊಡ್ಡ ಲಾಭವಾಯಿತು. ತರಬೇತಿ ವೈದ್ಯರು ಪಾಲ್ಗೊಂಡ ಆಪರೇಷನ್‌ಗಳಲ್ಲಿ ಅಪಾಯ ಹೆಚ್ಚೇ ಎಂಬ ಪ್ರಶ್ನೆಗೆ ಊಹೆಯ ಬದಲು ಅಂಕಿಗಳಿಂದ ಉತ್ತರ ಹುಡುಕಲು ಸಾಧ್ಯವಾಯಿತು. ಆ ಕಾಲೇಜಿನ ಗುಣಮಟ್ಟ ದತ್ತಾಂಶವನ್ನು ಆಧರಿಸಿದ ದೊಡ್ಡ ಅಧ್ಯಯನಗಳ ಒಟ್ಟಾರೆ ಸಾರವಿಷ್ಟು: ತರಬೇತಿ ವೈದ್ಯರಿದ್ದಾಗ ಆಪರೇಷನ್‌ಗೆ ಹೆಚ್ಚು ಸಮಯ ಹಿಡಿಯುತ್ತದೆ, ಸಣ್ಣಪುಟ್ಟ ತೊಡಕುಗಳು ತುಸು ಹೆಚ್ಚಬಹುದು, ಆದರೆ ಸಾವಿನ ಪ್ರಮಾಣ ಹೆಚ್ಚುವುದಿಲ್ಲ. 'ಕಲಿಯೋ ಹುಡುಗ್ರು' ಎಂಬ ಹಳ್ಳಿಯ ಅಳುಕಿಗೆ ಇದಕ್ಕಿಂತ ಒಳ್ಳೆಯ ಸಮಾಧಾನ ಬೇರೆ ಯಾವುದಿದೆ? ಇಂಥ ಉತ್ತರವನ್ನು ನಮ್ಮದೇ ಆಸ್ಪತ್ರೆಗಳ ಅಂಕಿಗಳಿಂದ ಕೊಡಬೇಕಾದರೆ ಮೊದಲು ಯಾರು ಏನು ಮಾಡಿದರು ಎಂಬುದು ಅಲ್ಲಲ್ಲಿಯೇ ದಾಖಲಾಗಬೇಕು.

ಪಾತ್ರವನ್ನು ನಿಖರವಾಗಿ ಬರೆಯಬೇಕೆನ್ನಲು ಇನ್ನೊಂದು ಕಾರಣವಿದೆ. ಒಂದೇ ಆಪರೇಷನ್ನಿನಲ್ಲಿ ತಾನೆಷ್ಟು ಮಾಡಿದೆ ಎಂದು ಶಿಷ್ಯರು ಭಾವಿಸುವುದಕ್ಕೂ ಗುರುಗಳು ಭಾವಿಸುವುದಕ್ಕೂ ಅಂತರವಿರುತ್ತದೆ ಎಂಬುದನ್ನು ಹೊರದೇಶಗಳ ಅಧ್ಯಯನಗಳು ತೋರಿಸಿವೆ. ಇದು ಸಹಜ. ಶಸ್ತ್ರ ಹಿಡಿದವನು ಕೈಯ ಚಲನೆಯನ್ನು ಲೆಕ್ಕ ಹಾಕುತ್ತಾನೆ. ಎದುರಿಗೆ ನಿಂತವರು ತಾವು ಕೊಟ್ಟ ಸೂಚನೆಗಳನ್ನೂ, ತಡೆದ ತಪ್ಪುಗಳನ್ನೂ ಲೆಕ್ಕ ಹಾಕುತ್ತಾರೆ. ಇಬ್ಬರೂ ಅಂದೇ ಕುಳಿತು ಒಂದೇ ಕಾಗದಕ್ಕೆ ಸಹಿ ಹಾಕಿದರೆ ಈ ಅಂತರ ತಿಳಿಯಾಗುತ್ತದೆ. ಪರೀಕ್ಷೆಯ ಹೊಸ್ತಿಲಲ್ಲಿ, ಮೂರು ವರ್ಷಗಳ ಲಾಗ್ ಪುಸ್ತಕವನ್ನು ಒಂದೇ ವಾರದಲ್ಲಿ ಒಂದೇ ಶಾಯಿಯಲ್ಲಿ ತುಂಬಿದರೆ ಅದು ದಾಖಲೆಯಾಗುವುದಿಲ್ಲ. ಜಮಾಬಂದಿಯ ಹಿಂದಿನ ರಾತ್ರಿ ಬರೆದ ಲೆಕ್ಕದ ಬೆಲೆ ಎಷ್ಟೆಂದು ಕಂದಾಯದವರಿಗೆ ಗೊತ್ತು.

ಕಾನೂನು ಏನು ಹೇಳುತ್ತದೆ? ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಯ ಪ್ರಕಾರ ಆಪರೇಷನ್‌ಗೆ ಮುನ್ನ ಲಿಖಿತ ಒಪ್ಪಿಗೆ ಪಡೆಯಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಒದಗಿಸಬೇಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಎಂದರೇನು ಎಂಬುದನ್ನು ವಿವರವಾಗಿ ಬಿಡಿಸಿ ಹೇಳಿತು. ಚಿಕಿತ್ಸೆಯ ಸ್ವರೂಪ ಮತ್ತು ಉದ್ದೇಶ, ಲಭ್ಯವಿರುವ ಪರ್ಯಾಯಗಳು, ಗಣನೀಯ ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಆಗುವ ಪರಿಣಾಮ, ಇಷ್ಟನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದಿತು. ಆದರೆ 'ಶಸ್ತ್ರ ಹಿಡಿಯುವವರು ಯಾರು' ಎಂಬುದು ಆ ಪಟ್ಟಿಯಲ್ಲಿಲ್ಲ. ಅಮೆರಿಕದ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ 1983ರಷ್ಟು ಹಿಂದೆಯೇ, ಒಬ್ಬ ವೈದ್ಯರಿಗೆ ಒಪ್ಪಿಗೆ ಕೊಟ್ಟಿರುವಾಗ ರೋಗಿಗೆ ತಿಳಿಸದೆ ಇನ್ನೊಬ್ಬರು ಆಪರೇಷನ್ ಮಾಡಿದರೆ ಅದು ಒಪ್ಪಿಗೆಯಿಲ್ಲದೆ ಮೈಮುಟ್ಟಿದಂತೆ ಎಂದು ತೀರ್ಪಿತ್ತಿತ್ತು. ಇನ್ನು ನಮ್ಮಲ್ಲಿ, ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆಗಳು ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಹೇಳಿದೆ. ಗ್ರಾಹಕ ವೇದಿಕೆಯ ಬಾಗಿಲು ಮುಚ್ಚಿರುವ ಬಡರೋಗಿಗೆ ಉಳಿಯುವ ಆಸರೆ ಎಂದರೆ ಕಾಗದವೊಂದೇ. ಆ ಕಾಗದವಾದರೂ ನಿಜ ಹೇಳಬೇಡವೇ?

ಶಸ್ತ್ರ ಹಿಡಿಯುವವರ ಹೆಸರು ಸಾರ್ವಜನಿಕವಾಗಿರಬೇಕು ಎಂಬ ತತ್ವ ನಮ್ಮ ದೇಶಕ್ಕೆ ಹೊಸದೇನಲ್ಲ. ಛತ್ತೀಸಗಢದ ಬಿಲಾಸಪುರ ಜಿಲ್ಲೆಯಲ್ಲಿ 2014ರ ನವೆಂಬರಿನ ಸಂತಾನಹರಣ ಶಿಬಿರಗಳ ನಂತರ 13 ಮಹಿಳೆಯರು ಸತ್ತರು. ಒಂದೇ ಶಿಬಿರದಲ್ಲಿ ಒಬ್ಬರೇ ವೈದ್ಯರು ಕೆಲವೇ ಗಂಟೆಗಳಲ್ಲಿ 83 ಆಪರೇಷನ್ ಮಾಡಿದ್ದರು. ಅವರು ಕಲಿಯುವ ಹುಡುಗರಾಗಿರಲಿಲ್ಲ, ಪಳಗಿದ ಕೈಯವರಾಗಿದ್ದರು ಎಂಬುದನ್ನು ಗಮನಿಸಬೇಕು. 2016ರ ದೇವಿಕಾ ಬಿಸ್ವಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಂಥ ಆಪರೇಷನ್ ಮಾಡಲು ಅರ್ಹರಾದ ವೈದ್ಯರ ಪಟ್ಟಿಯನ್ನು ಪೂರ್ಣ ವಿವರಗಳೊಂದಿಗೆ ಜಾಲತಾಣದಲ್ಲಿ ಪ್ರಕಟಿಸಬೇಕು, ವಿಷಯವನ್ನು ಸ್ಥಳೀಯ ಭಾಷೆಯಲ್ಲಿ ತಿಳಿಸಿ ಹೇಳಬೇಕು ಎಂದು ಆದೇಶಿಸಿತು. ಸಂತಾನಹರಣಕ್ಕೆ ಬೇಕಾದ ಈ ಶಿಸ್ತು ಪಿತ್ತಕೋಶಕ್ಕೋ ಅಪೆಂಡಿಕ್ಸಿಗೋ ಏಕೆ ಬೇಡ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಮತ್ತೊಂದು ಪ್ರಶ್ನೆ ಎದುರಾಗುತ್ತದೆ. ವೈದ್ಯಕೀಯದ ಮಾರುಕಟ್ಟೆ ಉಳಿದ ಮಾರುಕಟ್ಟೆಗಳಂತಲ್ಲ, ಅಲ್ಲಿ ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ ಎಂದು ಕೆನೆತ್ ಆರೋ 1963ರಲ್ಲಿ ಬರೆದ ಪ್ರಬಂಧ ಇಂದಿಗೂ ಪಠ್ಯ. ಆದರೆ ಬೋಧನಾ ಆಸ್ಪತ್ರೆಯಲ್ಲಿ ಮಾಹಿತಿಯ ಅಸಮತೆಯ ಜೊತೆಗೆ ಹೊರೆಯ ಅಸಮತೆಯೂ ಇದೆ. ಶಸ್ತ್ರವೈದ್ಯನ ತರಬೇತಿಯಿಂದ ಲಾಭ ಪಡೆಯುವುದು ಮುಂದಿನ ಮೂವತ್ತು ವರ್ಷಗಳ ಇಡೀ ಸಮಾಜ. ಅದರ ಬೆಲೆಯನ್ನು, ಅಂದರೆ ಹೆಚ್ಚಿನ ಸಮಯವನ್ನೂ ತುಸು ಹೆಚ್ಚಿನ ತೊಡಕನ್ನೂ, ತೆರುವುದು ಇಂದು ಸಾಮಾನ್ಯ ವಾರ್ಡಿನಲ್ಲಿ ಮಲಗಿರುವ ರೋಗಿ. ಹಣವಿದ್ದವರು ತಮ್ಮ ವೈದ್ಯರನ್ನು ಆರಿಸಿಕೊಳ್ಳುತ್ತಾರೆ. ಆಯ್ಕೆಯಿಲ್ಲದ ಹಾಡಿಯ ಜೇನುಕುರುಬ, ಹುಣಸೂರಿನ ಕೂಲಿಕಾರ್ಮಿಕ, ಕೆ.ಆರ್. ನಗರದ ನಾಟಿ ಕೆಲಸದ ಹೆಣ್ಣುಮಗಳು ಇಡೀ ಸಮಾಜದ ಪರವಾಗಿ ಈ ತೆರಿಗೆಯನ್ನು ಕಟ್ಟುತ್ತಾರೆ. ತೆರಿಗೆ ಕಟ್ಟಿದವನಿಗೆ ರಸೀದಿ ಕೊಡುವುದು ಸರ್ಕಾರದ ಹಳೆಯ ಧರ್ಮ. ಇವರಿಗೆ ರಸೀದಿಯೂ ಇಲ್ಲ.

'ಹೇಳಿದರೆ ಯಾರೂ ಒಪ್ಪುವುದಿಲ್ಲ, ಆಗ ಕಲಿಯುವುದು ಹೇಗೆ?' ಎಂಬ ಆಕ್ಷೇಪವನ್ನು ವೈದ್ಯಮಿತ್ರರಿಂದ ಹಲವು ಬಾರಿ ಕೇಳಿದ್ದೇನೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಹೊರದೇಶಗಳಲ್ಲಿ ನಡೆದ ಸಮೀಕ್ಷೆಗಳೂ ಈ ಮಾತಿಗೆ ಅರ್ಧ ಬೆಂಬಲ ಕೊಡುತ್ತವೆ: ತರಬೇತಿ ವೈದ್ಯರು ಪಾಲ್ಗೊಳ್ಳಲು ಬಹುಪಾಲು ರೋಗಿಗಳು ಒಪ್ಪುತ್ತಾರೆ, ಆದರೆ ಹಿರಿಯರು ಹತ್ತಿರವಿಲ್ಲದೆ ಅವರೇ ಮಾಡುತ್ತಾರೆಂದರೆ ಒಪ್ಪುವವರ ಸಂಖ್ಯೆ ಕುಸಿಯುತ್ತದೆ. ಇದರ ಅರ್ಥ ರೋಗಿಗಳು ಕಲಿಕೆಯನ್ನು ವಿರೋಧಿಸುತ್ತಾರೆಂದಲ್ಲ. ಹಿರಿಯರ ಗೈರುಹಾಜರಿಯನ್ನು ವಿರೋಧಿಸುತ್ತಾರೆಂದು. ಅದು ನ್ಯಾಯವಾದ ವಿರೋಧವೇ. ಮೇಲಾಗಿ, ನೇಗಿಲ ಹಿಂದೆ ಮಗನನ್ನು ನಿಲ್ಲಿಸಿ ತಾನು ಪಕ್ಕದಲ್ಲಿ ನಡೆಯುತ್ತ ಉಳುಮೆ ಕಲಿಸಿದ ರೈತನಿಗೆ ಕಲಿಕೆ ಎಂದರೇನೆಂದು ವಿವರಿಸಬೇಕಾಗಿಲ್ಲ. 'ಈ ಡಾಕ್ಟರು ಮಾಡುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ' ಎಂದು ಹಿರಿಯರು ಒಂದು ಮಾತು ಹೇಳಿದರೆ ಅವನು ತಲೆಯಾಡಿಸುತ್ತಾನೆ. ಹೇಳದೆ ಮಾಡಿದ್ದು ಆಮೇಲೆ ಗೊತ್ತಾದಾಗ ಮಾತ್ರ ಸಿಟ್ಟಾಗುತ್ತಾನೆ.

ಈ ವಿಷಯದಲ್ಲಿ ನಾಲ್ಕು ತಾಲ್ಲೂಕುಗಳ ಹಿತ ಅಡಗಿರುವುದು ರೋಗಿಯ ಹಕ್ಕಿನಲ್ಲಿ ಮಾತ್ರವಲ್ಲ. ಇಂದು ಮೈಸೂರಿನಲ್ಲಿ ಕಲಿಯುತ್ತಿರುವ ವೈದ್ಯರೇ ನಾಳೆ ಎಚ್.ಡಿ. ಕೋಟೆಯ ತಾಲ್ಲೂಕು ಆಸ್ಪತ್ರೆಗೆ ಬರಬೇಕಾದವರು. ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದಿದ ಯುವಕರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ಆಸ್ಪತ್ರೆಯನ್ನೇ ನಿಲ್ಲಿಸಿದ ನಿದರ್ಶನ ಇದೇ ಸೀಮೆಯಲ್ಲಿದೆ. 2020ರಲ್ಲಿ ಪ್ರಕಟವಾದ ಜಿಲ್ಲಾ ರೆಸಿಡೆನ್ಸಿ ಯೋಜನೆಯು ಪ್ರತಿ ಪಿ.ಜಿ. ವಿದ್ಯಾರ್ಥಿಯೂ ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕೆಂದು ವಿಧಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಹೆಚ್ಚಾಗಿ ಒಂಟಿ. ಎದುರು ಬದಿಯಲ್ಲಿ ನಿಂತು ಕೈ ಹಿಡಿಯುವ ಪ್ರಾಧ್ಯಾಪಕರು ಅಲ್ಲಿರುವುದಿಲ್ಲ. ಲಾಗ್ ಪುಸ್ತಕದಲ್ಲಿ ಐವತ್ತು ಅಪೆಂಡಿಕ್ಸ್ ಬರೆದುಕೊಂಡು ನಿಜವಾಗಿ ಐದನ್ನಷ್ಟೇ ಮಾಡಿದವರು ಅಲ್ಲಿಗೆ ಬಂದರೆ ಏನಾಗುತ್ತದೆ? ಒಂದೋ ಧೈರ್ಯ ಮಾಡಿ ಅನಾಹುತಕ್ಕೆ ಕೈಹಾಕುತ್ತಾರೆ, ಇಲ್ಲವೇ 'ಮೈಸೂರಿಗೆ ಕರೆದುಕೊಂಡು ಹೋಗಿ' ಎಂದು ಚೀಟಿ ಬರೆಯುತ್ತಾರೆ. ಎಚ್.ಡಿ. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರು. ಕಾಡಂಚಿನ ಹಾಡಿಗಳಿಂದ ಇನ್ನೂ ಹೆಚ್ಚು. ಹೊಟ್ಟೆಯೊಳಗೆ ಅಪೆಂಡಿಕ್ಸ್ ಒಡೆದವನಿಗೆ ಆ ದೂರ ಕಿಲೋಮೀಟರಿನಲ್ಲಿ ಅಳೆಯುವಂಥದ್ದಲ್ಲ. ಸುಳ್ಳು ಲಾಗ್ ಪುಸ್ತಕದ ಬೆಲೆಯನ್ನು ಕೊನೆಗೆ ತೆರುವುದು ಆ ಆಂಬುಲೆನ್ಸಿನಲ್ಲಿ ಮಲಗಿದವನು.

ಹಾಗಾದರೆ ಆಗಬೇಕಾದ್ದೇನು? ಕೋಟಿಗಟ್ಟಲೆ ಅನುದಾನ ಬೇಡುವ ಸುಧಾರಣೆಯನ್ನೇನೂ ನಾನು ಸೂಚಿಸುತ್ತಿಲ್ಲ. ಮೊದಲನೆಯದಾಗಿ, ಆಪರೇಷನ್ ಟಿಪ್ಪಣಿಯಲ್ಲೂ ಡಿಸ್ಚಾರ್ಜ್ ಪತ್ರದಲ್ಲೂ ಮೂರು ಸಾಲು ಕಡ್ಡಾಯವಾಗಲಿ: ಹೊಣೆ ಹೊತ್ತ ವೈದ್ಯರು, ಪ್ರಮುಖ ಹಂತಗಳನ್ನು ನಿರ್ವಹಿಸಿದವರು, ನಿರ್ಣಾಯಕ ಘಟ್ಟದಲ್ಲಿ ಹಿರಿಯರು ಮೇಜಿನ ಬಳಿ ಇದ್ದರೋ, ಕೊಠಡಿಯಲ್ಲಿದ್ದರೋ, ಕರೆದರೆ ಬರುವಷ್ಟು ದೂರದಲ್ಲಿದ್ದರೋ. ಎರಡನೆಯದಾಗಿ, ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಇದು ಬೋಧನಾ ಆಸ್ಪತ್ರೆ, ತರಬೇತಿ ಪಡೆಯುತ್ತಿರುವ ವೈದ್ಯರು ಹಿರಿಯರ ಮೇಲ್ವಿಚಾರಣೆಯಲ್ಲಿ ಪಾಲ್ಗೊಳ್ಳುತ್ತಾರೆ ಎಂಬ ವಾಕ್ಯ ಅದರಲ್ಲಿರಲಿ. ಹೆಬ್ಬೆಟ್ಟು ಒತ್ತುವವರಿಗೆ ಅದನ್ನು ಓದಿ ಹೇಳಿದವರ ಸಹಿಯೂ ಇರಲಿ. ಮೂರನೆಯದಾಗಿ, ಲಾಗ್ ಪುಸ್ತಕದ ಪ್ರತಿ ನಮೂದಿಗೂ ಓ.ಟಿ. ರಿಜಿಸ್ಟರಿನ ಕ್ರಮಸಂಖ್ಯೆ ಇರಲಿ. ವಿಶ್ವವಿದ್ಯಾಲಯ ಪರೀಕ್ಷೆಗೆ ಮುನ್ನ ಕೆಲವು ನಮೂದುಗಳನ್ನಾದರೂ ಆರಿಸಿ ತಾಳೆ ನೋಡಲಿ. ನಾಲ್ಕನೆಯದಾಗಿ, ತರಬೇತಿ ವೈದ್ಯರು ಪಾಲ್ಗೊಂಡ ಆಪರೇಷನ್‌ಗಳ ಫಲಿತಾಂಶವನ್ನು, ಯಾರ ಹೆಸರನ್ನೂ ಬಹಿರಂಗಪಡಿಸದೆ, ಪ್ರತಿ ಕಾಲೇಜು ವರ್ಷಕ್ಕೊಮ್ಮೆ ಪ್ರಕಟಿಸಲಿ. ಕೊನೆಯದಾಗಿ, ಕಲಿಕೆಯ ಹೊರೆ ಉಚಿತ ವಾರ್ಡಿನ ಮೇಲಷ್ಟೇ ಬೀಳದಿರಲಿ; ಬೋಧನಾ ಆಸ್ಪತ್ರೆಯ ವಿಶೇಷ ವಾರ್ಡಿಗೂ ಅದೇ ನಿಯಮ ಅನ್ವಯಿಸಲಿ.

ನಿಜವನ್ನು ಬರೆದರೆ ತಪ್ಪಾದಾಗ ಹೊಣೆ ಕಿರಿಯರ ತಲೆಗೆ ಕಟ್ಟಲಾಗುತ್ತದೆ ಎಂಬ ಭಯ ಸಹಜ. ಅದಕ್ಕೆಂದೇ ಹೊಣೆ ಹೊತ್ತವರ ಸಾಲು ಮೊದಲು, ಕೈಯ ಕೆಲಸದ ಸಾಲು ನಂತರ. ಕಲಿಸುವವರ ಹೊಣೆ ಕಲಿಯುವವರಿಗೆ ವರ್ಗವಾಗಬಾರದು. ಹಿರಿಯರು ಬಳಿಯಲ್ಲಿ ಇರಲಿಲ್ಲವೆಂಬುದು ದಾಖಲಾದರೆ ರಕ್ಷಣೆ ಸಿಗುವುದು ಮೊದಲು ಆ ಕಿರಿಯರಿಗೇ. ಪಹಣಿಯಲ್ಲಿ ಉಳುವವನ ಹೆಸರು ಬರೆದದ್ದರಿಂದ ಭೂಮಿ ಹಾಳಾಗಲಿಲ್ಲ. ಹಾಗೆಯೇ ಕೇಸ್ ಶೀಟಿನಲ್ಲಿ ಶಸ್ತ್ರ ಹಿಡಿದವರ ಹೆಸರು ಬರೆದರೆ ವೈದ್ಯಕೀಯ ಶಿಕ್ಷಣವೂ ಹಾಳಾಗದು. ಪಿರಿಯಾಪಟ್ಟಣದ ರೈತನ ಮಗ ಕೈಮುಗಿಯಬೇಕಾದವರು ಯಾರೆಂದು ಕಾಗದ ನೋಡಿ ತಿಳಿಯುವಂತಾಗಲಿ, ಎಚ್.ಡಿ. ಕೋಟೆಗೆ ಬರುವ ಶಸ್ತ್ರವೈದ್ಯೆ ತನ್ನ ಲಾಗ್ ಪುಸ್ತಕವನ್ನು ಅಳುಕಿಲ್ಲದೆ ತೆರೆದು ತೋರಿಸುವಂತಾಗಲಿ.